ಆಫೀಸಿಂದ ಮನೆಗೆ ಬರ್ತೀನಿ, ಕೆಲಸಾನೂ ನನ್ ಹಿಂದೇನೇ ಬರತ್ತೆ

ಪ್ರಶ್ನೆ: ಮೇಡಂ ನಮಸ್ತೆ. ನನಗೆ 36 ವರ್ಷ. ಒಂದು ಕಂಪ್ನೀಲಿ ಹನ್ನೊಂದು ವರ್ಷದಿಂದ ಅಕೌಂಟ್ಸ್ ನೋಡ್ಕೊಳ್ತಾ ಇದ್ದೀನಿ. ಕೆಲಸ ಇಷ್ಟಾನೇ. ಒಂದೂವರೆ ವರ್ಷದ ಹಿಂದೆ ಟೀಮಲ್ಲಿ ಇಬ್ರು ಬಿಟ್ಟು ಹೋದ್ರು, ಅವರ ಜಾಗಕ್ಕೆ ಯಾರನ್ನೂ ತಗೊಳ್ಲಿಲ್ಲ, ಅವರ ಕೆಲಸ ಎಲ್ಲಾ ನನ್ ತಲೆ ಮೇಲೇ ಬಿತ್ತು. ಸಂಜೆ ಐದೂವರೆಗೆ ಮ್ಯಾನೇಜರ್ ಬಂದು ಇದು ನಾಳೆ ಬೆಳಿಗ್ಗೆಗೆ ಬೇಕು ಅಂತಾರೆ. ಮಾಡಿ ಕೊಟ್ರೆ ಒಂದು ಒಳ್ಳೆ ಮಾತೂ ಇಲ್ಲ. ರಾತ್ರಿ ಮೂರು ಗಂಟೆಗೆ ಎಚ್ಚರ ಆದ್ರೆ ಮತ್ತೆ ನಿದ್ದೆ ಬರಲ್ಲ. ಭಾನುವಾರ ಸಂಜೆ ಆದ್ರೆ ಹೊಟ್ಟೆ ಹಿಂಡಿದ ಹಾಗೆ ಆಗತ್ತೆ. ಮೊನ್ನೆ ಮನೆ ಮುಂದೆ ಗಾಡಿ ನಿಲ್ಲಿಸಿ, ಹೆಲ್ಮೆಟ್ ಕೂಡ ತೆಗೀದೆ ಗೇಟ್ ಹತ್ರ ನಿಂತು ಆಫೀಸ್ ಗ್ರೂಪಿಗೆ ಮೆಸೇಜ್ ಟೈಪ್ ಮಾಡ್ತಿದ್ದೆ. ಮಗಳು ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ, ಏನೂ ಹೇಳದೆ ಒಳಗೆ ಹೋದ್ಲು. ಅದು ನನ್ನನ್ನ ಬಿಡ್ತಾನೇ ಇಲ್ಲ. ಧ್ಯಾನದ ಆಪ್ ಹಾಕ್ಕೊಂಡೆ, ವಾಕಿಂಗ್ ಶುರು ಮಾಡ್ದೆ, ಎರಡೂ ಹತ್ತು ದಿನದ ಮೇಲೆ ನಡೀಲಿಲ್ಲ. ನಮ್ಮನೆಯವರು ಕೆಲಸ ಬಿಟ್ಟುಬಿಡು ಅಂತಾರೆ. ತಪ್ಪು ನನ್ನಲ್ಲೇ ಇದೆಯಾ? ನಿಜವಾಗ್ಲೂ ಬಿಡಬೇಕಾ?

ಉತ್ತರ:

ನಿಮ್ಮ ಕೊನೆಯ ಎರಡು ಪ್ರಶ್ನೆಗಳಲ್ಲಿ ಮೊದಲನೇದಕ್ಕೆ ಈಗಲೇ ಉತ್ತರ ಹೇಳಿಬಿಡ್ತೀನಿ, ತಪ್ಪು ನಿಮ್ಮಲ್ಲಿಲ್ಲ. ಸಮಾಧಾನಕ್ಕೆ ಅಂತ ಹೇಳ್ತಿರೋ ಮಾತಲ್ಲ ಇದು, ನೀವು ಬರೆದಿರೋದರಲ್ಲೇ ಇದೆ. ಒಂಬತ್ತೂವರೆ ವರ್ಷ ಇದೇ ಕುರ್ಚಿ, ಇದೇ ಕೆಲಸ, ಆಗಲೂ ತಿಂಗಳ ಕೊನೆ ಬರ್ತಿತ್ತು, ಆಡಿಟ್ ಬರ್ತಿತ್ತು, ನೀವು ತೂಗಿಸ್ಕೊಂಡು ಹೋಗ್ತಿದ್ರಿ. ಒಂದೂವರೆ ವರ್ಷದಿಂದ ಈಚೆಗೆ ಬದಲಾಗಿದ್ದು ನೀವಲ್ಲ, ಮೂರು ಜನರ ಹೊರೆ ಒಬ್ಬರ ಹೆಗಲಿಗೆ ಬಂತು, ಜೊತೆಗೆ ಅದನ್ನ ಯಾವಾಗ ಮುಗಿಸಬೇಕು ಅನ್ನೋ ಮಾತೂ ನಿಮ್ಮ ಕೈ ತಪ್ಪಿತು. ಈ ಎರಡನೇದನ್ನ ಜನ ಲೆಕ್ಕಕ್ಕೇ ತಗೊಳಲ್ಲ, ನನ್ನ ಅನುಭವದಲ್ಲಿ ಮನುಷ್ಯರನ್ನ ಹೆಚ್ಚು ಸವೆಸೋದು ಅದೇ.

ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಇದು ಅರ್ಥ ಆದ್ರೆ ಮುಂದೆ ಏನು ಮಾಡಬೇಕು ಅನ್ನೋದು ತಾನಾಗೇ ಕಾಣತ್ತೆ. 1979ರಲ್ಲಿ ರಾಬರ್ಟ್ ಕರಾಸೆಕ್ ಅನ್ನೋ ಸಂಶೋಧಕರು ಒಂದು ಸರಳವಾದ ಮಾತು ಮುಂದಿಟ್ರು. ಕೆಲಸದ ಒತ್ತಡವನ್ನ ಬರೀ ಕೆಲಸ ಎಷ್ಟಿದೆ ಅನ್ನೋದರಿಂದ ಅಳೀಬೇಡಿ, ಆ ಕೆಲಸವನ್ನ ಹೇಗೆ ಯಾವಾಗ ಮಾಡಬೇಕು ಅಂತ ತೀರ್ಮಾನ ಮಾಡೋ ಸ್ವಾತಂತ್ರ್ಯ ಎಷ್ಟಿದೆ ಅಂತಲೂ ನೋಡಿ ಅಂತ. ಕೆಲಸ ಜಾಸ್ತಿ ಇದ್ದು ಹಿಡಿತಾನೂ ನಮ್ಮ ಕೈಯಲ್ಲೇ ಇದ್ರೆ ಸುಸ್ತಾಗತ್ತೆ ನಿಜ, ಆದ್ರೆ ಅದರಲ್ಲಿ ಒಂಥರಾ ಹುಮ್ಮಸ್ಸೂ ಇರತ್ತೆ, ಕಲೀತೀವಿ ಕೂಡ. ಕೆಲಸ ಜಾಸ್ತಿ ಇದ್ದು ಹಿಡಿತ ಇಲ್ಲ ಅಂದ್ರೆ ಮಾತ್ರ ದೇಹ ಮನಸ್ಸು ಎರಡೂ ಕುಸಿಯೋಕೆ ಶುರು ಆಗತ್ತೆ. ಲಂಡನ್ನಿನ ಸರ್ಕಾರಿ ನೌಕರರ ಮೇಲೆ ಮೈಕಲ್ ಮಾರ್ಮಟ್ ಮತ್ತು ಅವರ ಜೊತೆಗಾರರು 1985ರಿಂದ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಅಧ್ಯಯನ ಇದೆ, ವೈಟ್‌ಹಾಲ್ ಅಧ್ಯಯನ ಅಂತಾರೆ ಅದಕ್ಕೆ. ಹೃದಯದ ಕಾಯಿಲೆ ದೊಡ್ಡ ದೊಡ್ಡ ಜವಾಬ್ದಾರಿ ಹೊತ್ತ ಮೇಲಧಿಕಾರಿಗಳಿಗೇ ಜಾಸ್ತಿ ಅಂತ ನಾವೆಲ್ಲ ಅಂದ್ಕೊಂಡಿರ್ತೀವಲ್ಲ, ಅಲ್ಲಿ ಕಂಡಿದ್ದು ಅದಕ್ಕೆ ತದ್ವಿರುದ್ಧ, ಕೆಳಗಿನ ದರ್ಜೆಯವರಿಗೇ ಜಾಸ್ತಿ, ಅದಕ್ಕೆ ಒಂದು ಮುಖ್ಯ ಕಾರಣ ತಮ್ಮ ಕೆಲಸದ ಮೇಲೆ ಅವರಿಗೆ ಹಿಡಿತ ಕಡಿಮೆ ಇದ್ದಿದ್ದು.

ಹಾಗಾಗಿ ಐದೂವರೆಗೆ ಬಂದು ಬೆಳಿಗ್ಗೆಗೆ ಬೇಕು ಅನ್ನೋ ಆ ಒಂದು ಮಾತು ಇದೆಯಲ್ಲ, ಅದನ್ನ ನಾನು ನಿಮ್ಮ ಪತ್ರದಲ್ಲಿ ಗೆರೆ ಎಳೆದು ಇಟ್ಕೊಂಡೆ. ಆ ಕೆಲಸ ಎರಡು ಗಂಟೇದೇ ಇರಬಹುದು. ಆದ್ರೆ ಆ ಮಾತು ಯಾವ ದಿನ ಬರತ್ತೋ ಗೊತ್ತಿಲ್ಲದೆ ನೀವು ದಿನಾ ನಾಲ್ಕು ಗಂಟೆಯಿಂದಲೇ ಕಾಯೋಕೆ ಶುರು ಮಾಡಿರ್ತೀರಿ, ಬರದೇ ಇದ್ದ ದಿನಾನೂ.

ಇನ್ನು ಒಂದು ಒಳ್ಳೆ ಮಾತೂ ಇಲ್ಲ ಅಂದ್ರಲ್ಲ, ಇದನ್ನ ಸಣ್ಣ ದೂರು ಅಂತ ನೀವೇ ನುಂಗ್ಕೊಂಡಿರ್ತೀರಿ. ಸಣ್ಣದಲ್ಲ. ಜರ್ಮನಿಯ ಸಂಶೋಧಕ ಯೊಹಾನೆಸ್ ಸೀಗ್ರಿಸ್ಟ್ 1996ರಲ್ಲಿ ಇದನ್ನೇ ಹೇಳಿದ್ದು, ಹಾಕಿದ ಶ್ರಮಕ್ಕೂ ಸಿಗೋ ಪ್ರತಿಫಲಕ್ಕೂ ತಾಳೆ ಆಗದೆ ಹೋದಾಗ ಆರೋಗ್ಯ ಕೆಡತ್ತೆ ಅಂತ. ಪ್ರತಿಫಲ ಅಂದ್ರೆ ಬರೀ ಸಂಬಳ ಅಂತಲ್ಲ, ಗೌರವ, ಭದ್ರತೆ, ಮುಂದೆ ಬರೋ ಅವಕಾಶ ಎಲ್ಲಾ ಸೇರಿ.

ಈಗ ರಾತ್ರಿ ಮೂರು ಗಂಟೆ ವಿಷಯ. ತುಂಬಾ ಜನ ಇದೇ ಹೊತ್ತನ್ನ ಹೇಳ್ತಾರೆ, ಕೆಲವರಿಗೆ ಅದರಿಂದಲೇ ಭಯ ಶುರುವಾಗಿರತ್ತೆ. ನಮ್ಮ ಗಾಢ ನಿದ್ದೆ ಹೆಚ್ಚಾಗಿ ರಾತ್ರಿಯ ಮೊದಲ ಭಾಗದಲ್ಲೇ ಮುಗಿದು ಹೋಗಿರತ್ತೆ, ಆಮೇಲಿನದು ಹಗುರ ನಿದ್ದೆ ಮತ್ತು ಕನಸಿನ ನಿದ್ದೆ. ಬೆಳಗಿನ ಜಾವದ ಕಡೆಗೆ ಕಾರ್ಟಿಸಾಲ್ ಅನ್ನೋ ಹಾರ್ಮೋನು ನಿಧಾನಕ್ಕೆ ಏರೋಕೆ ಶುರು ಮಾಡತ್ತೆ, ಅದು ನಮ್ಮನ್ನ ಎಬ್ಬಿಸೋಕೆ ದೇಹ ಮಾಡ್ಕೊಂಡಿರೋ ಏರ್ಪಾಡು. ಮಾಮೂಲಿಯಾಗಿ ಆ ಹೊತ್ತಲ್ಲಿ ಒಂದು ಸಲ ಮಗ್ಗುಲು ಬದಲಿಸಿ ಮಲಗಿಬಿಡ್ತೀವಿ, ನೆನಪೂ ಇರಲ್ಲ. ತಲೇಲಿ ಮುಗೀದೆ ಇರೋ ಕೆಲಸ ಕೂತಿದ್ರೆ ಮಾತ್ರ ಆ ಒಂದು ಕ್ಷಣದ ಎಚ್ಚರವನ್ನ ಅದು ಗಪ್ ಅಂತ ಹಿಡ್ಕೊಂಡುಬಿಡತ್ತೆ. ಅಂದ್ರೆ ಕೆಟ್ಟಿರೋದು ನಿಮ್ಮ ನಿದ್ದೆ ಅಲ್ಲ, ದಿನ ಮುಚ್ಚಿಲ್ಲ ಅಷ್ಟೆ.

ಧ್ಯಾನದ ಆಪ್ ನಡೀಲಿಲ್ಲ ಅಂತ ಬೇಜಾರು ಮಾಡ್ಕೋಬೇಡಿ. ಧ್ಯಾನ, ವಾಕಿಂಗ್, ದೀರ್ಘ ಉಸಿರಾಟ ಎಲ್ಲಾ ಒಳ್ಳೇವೇ, ನಾನೂ ಹೇಳ್ಕೊಡ್ತೀನಿ. ಆದ್ರೆ ಹೊರೆ ಹಾಗೇ ಇಟ್ಟು ಹೊತ್ತವರಿಗೆ ಮಾತ್ರ ಉಸಿರಾಡೋದು ಕಲಿಸಿದ್ರೆ ಅದು ತೂತು ಕೊಡಕ್ಕೆ ನೀರು ಹೊಯ್ದ ಹಾಗೇ, ನನಗೆ ಇದರ ಬಗ್ಗೆ ನಿಜಕ್ಕೂ ಸಿಟ್ಟಿದೆ, ಯಾಕಂದ್ರೆ ಹತ್ತು ದಿನ ಮಾಡಿ ಬಿಟ್ಟವರು ಕೊನೆಗೆ ನನ್ನ ಕೈಲಿ ಧ್ಯಾನಾನೂ ಆಗಲ್ಲ ಅಂತ ಇನ್ನೊಂದು ಸೋಲು ತಲೆಗೆ ಹಾಕ್ಕೊಂಡು ಬರ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನೋದನ್ನ ವಿವರಿಸಿದಾಗ ಅದನ್ನ ವ್ಯಕ್ತಿಯ ಕಾಯಿಲೆ ಅಂತ ಕರೀಲಿಲ್ಲ, ಕೆಲಸದ ಜಾಗದಲ್ಲಿ ಸರಿಯಾಗಿ ನಿಭಾಯಿಸದೇ ಬಿಟ್ಟ ದೀರ್ಘಕಾಲದ ಒತ್ತಡದಿಂದ ಬರೋ ಸ್ಥಿತಿ ಅಂತ ಕರೀತು. ಅದಕ್ಕೆ ಮೂರು ಗುರುತು ಹೇಳಿದೆ, ಶಕ್ತಿಯೆಲ್ಲ ಬಸಿದು ಹೋದಂಥ ಸುಸ್ತು, ಕೆಲಸದ ಮೇಲೆ ಜಿಗುಪ್ಸೆ ಅಥವಾ ದೂರ ಸರಿದಂಥ ಭಾವನೆ, ಮೊದಲಿನ ಹಾಗೆ ಕೆಲಸ ಆಗ್ತಿಲ್ಲ ಅನ್ನೋದು. ನಿಮಗೆ ಮೊದಲನೇದು ಖಂಡಿತ ಇದೆ. ಎರಡನೇದು ಇನ್ನೂ ಬಂದ ಹಾಗಿಲ್ಲ, ಕೆಲಸ ಇಷ್ಟಾನೇ ಅಂತ ಬರೆದಿದ್ದೀರಿ. ಉಗುರಲ್ಲಿ ಹೋಗೋದಕ್ಕೆ ಕೊಡಲಿ ಬೇಕಾಗೋ ತನಕ ಬಿಡಬೇಡಿ ಅಂತ ನಾನು ಒತ್ತಿ ಹೇಳ್ತಿರೋದು ಇದಕ್ಕೇ.

ಏನು ಮಾಡಬೇಕು? ಮೊದಲು ಎರಡು ವಾರ ಏನನ್ನೂ ಬದಲಾಯಿಸದೆ ಬರೀ ಬರೆದಿಡಿ. ಒಂದು ಸಣ್ಣ ನೋಟ್‌ಬುಕ್, ಪೆನ್ನು, ಮೊಬೈಲ್ ಬೇಡ. ಯಾವ ಕೆಲಸ ಬಂತು, ಯಾರು ಹೇಳಿದ್ರು, ಎಷ್ಟು ಗಂಟೆಗೆ ಹೇಳಿದ್ರು, ಯಾವಾಗಕ್ಕೆ ಬೇಕು ಅಂದ್ರು, ನಿಜವಾಗಿ ಎಷ್ಟು ಹೊತ್ತು ಹಿಡೀತು. ಅಕೌಂಟ್ಸ್ ಮಾಡೋರಿಗೆ ಇದನ್ನ ನಾನು ಹೇಳಿಕೊಡಬೇಕಾಗಿಲ್ಲ, ಹಣಕ್ಕೆ ಮಾಡೋ ಲೆಡ್ಜರನ್ನೇ ಹೊತ್ತಿಗೆ ಮಾಡೋದು. ಪಕ್ಕದಲ್ಲಿ ಇನ್ನೊಂದು ಕಾಲಂ ಇರ್ಲಿ, ಅದರಲ್ಲಿ ಆ ಬೆಳಿಗ್ಗೆಗೆ ಬೇಕಾಗಿದ್ದನ್ನ ಬೆಳಿಗ್ಗೆ ನಿಜವಾಗ್ಲೂ ಯಾರಾದ್ರೂ ತೆರೆದು ನೋಡಿದ್ರಾ ಅಂತ ಬರೀರಿ. ನನ್ನ ಹತ್ರ ಬಂದಿದ್ದ ಒಬ್ರು, ಸರಕು ಕಳಿಸೋ ವಿಭಾಗದಲ್ಲಿದ್ದೋರು, ಈ ಒಂದು ಕಾಲಂ ಬರೆದು ಎರಡು ವಾರ ಆದ್ಮೇಲೆ ನನ್ನ ಮುಂದೆ ಆ ಪುಸ್ತಕ ಇಟ್ಟು ಸುಮ್ನೆ ಕೂತ್ರು. ರಾತ್ರಿ ಕೂತು ಮಾಡಿ ಕಳಿಸಿದ ರಿಪೋರ್ಟುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೂರು ದಿನ ಆದ್ರೂ ಯಾರೂ ತೆರೆದಿರಲಿಲ್ಲ. ಕೇಳಿದವರು ಕೆಟ್ಟವರೇನಲ್ಲ, ಅವರಿಗೂ ಮೇಲಿಂದ ಯಾರೋ ಕೇಳಿರ್ತಾರೆ, ಭಯಕ್ಕೆ ಅವರು ಒಂದು ದಿನ ಮುಂಚೇನೇ ತಮ್ಮ ಕೈಯಲ್ಲಿ ಇರ್ಲಿ ಅಂತ ಕೇಳಿರ್ತಾರೆ, ಆ ಭಯ ಕೆಳಗೆ ಇಳೀತಾ ಇಳೀತಾ ನಿಮ್ಮ ರಾತ್ರಿ ಊಟದ ಹೊತ್ತಿಗೆ ಬಂದು ನಿಲ್ಲತ್ತೆ.

ಆ ಪುಸ್ತಕ ಇಟ್ಕೊಂಡು ಮ್ಯಾನೇಜರ್ ಹತ್ರ ಮಾತಾಡಬೇಕು. ಈ ಮಾತು ಹೇಗೆ ಆಡ್ತೀರಿ ಅನ್ನೋದರ ಮೇಲೆ ತುಂಬಾ ನಿಂತಿದೆ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಸರ್ ನನಗೆ ತುಂಬಾ ಕೆಲಸ ಆಗ್ತಿದೆ, ಸ್ಟ್ರೆಸ್ ಆಗ್ತಿದೆ ಅಂತ ಶುರು ಮಾಡಿದ್ರೆ ಎಲ್ಲರಿಗೂ ಕೆಲಸ ಇದೆ ಅಮ್ಮ ಅನ್ನೋ ಉತ್ತರ ಬರತ್ತೆ, ಅಲ್ಲಿಗೆ ಮಾತು ಮುಗೀತು. ಬೇಕು ಬೇಡ ಅನ್ನೋ ಮಾತನ್ನ ಬಿಟ್ಟು ಯಾವುದು ಮೊದಲು ಅನ್ನೋ ಮಾತಿಗೆ ಬನ್ನಿ. ಹೀಗೆ: ಸರ್, ಈ ವಾರ ನನ್ನ ಕೈಯಲ್ಲಿ ಬ್ಯಾಂಕ್ ರಿಕನ್ಸಿಲಿಯೇಶನ್ ಇದೆ, ವೆಂಡರ್ ಪೇಮೆಂಟ್ ಇದೆ, ಆಡಿಟ್‌ಗೆ ಕೊಡಬೇಕಾದ ಸ್ಟೇಟ್‌ಮೆಂಟ್ ಇದೆ, ಇವು ಇಷ್ಟಿಷ್ಟು ಗಂಟೆ ಹಿಡಿಯತ್ತೆ ಅಂತ ಎರಡು ವಾರದಿಂದ ಬರೆದಿಟ್ಟಿದ್ದೀನಿ, ಶುಕ್ರವಾರದೊಳಗೆ ಇದರಲ್ಲಿ ಎರಡು ಸರಿಯಾಗಿ ಮುಗಿಯತ್ತೆ, ಮೂರನೇದು ಮುಗಿಯಲ್ಲ, ಯಾವುದನ್ನ ಸೋಮವಾರಕ್ಕೆ ಹಾಕ್ಲಿ? ಹೇಳಿ ಸುಮ್ನಾಗಿ. ಆ ಮೌನ ಕಷ್ಟ ಅನ್ಸತ್ತೆ, ನಾವೇ ತುಂಬಿಬಿಡೋಣ, ಪರವಾಗಿಲ್ಲ ಸರ್ ಹೇಗಾದ್ರೂ ಮಾಡ್ತೀನಿ ಅಂದುಬಿಡೋಣ ಅಂತ ಬಾಯಿಗೆ ಬಂದುಬಿಡತ್ತೆ. ಬೇಡ. ಉತ್ತರ ಅವರಿಂದಲೇ ಬರ್ಲಿ. ಮೂರೂ ಬೇಕು ಅಂದ್ರೆ ಹಾಗಾದ್ರೆ ಯಾರನ್ನ ಜೊತೆಗೆ ಕೊಡ್ತೀರಿ ಅಂತ ಕೇಳಿ. ಏನು ತೀರ್ಮಾನ ಆಯ್ತೋ ಅದನ್ನ ಅವತ್ತೇ ಎರಡು ಸಾಲಿನ ಮೇಲ್ ಮಾಡಿ, ಜಗಳಕ್ಕೆ ಅಂತಲ್ಲ, ಮುಂದಿನ ಬುಧವಾರ ಐದೂವರೆಗೆ ಮತ್ತೆ ಬಂದಾಗ ಇಬ್ಬರೂ ಅದನ್ನ ತೆರೆದು ನೋಡೋಕೆ.

ಒಂದೇ ಸಲಕ್ಕೆ ಬದಲಾಗತ್ತೆ ಅಂದ್ಕೋಬೇಡಿ. ಮೊದಲನೇ ಸಲ ಅವರಿಗೂ ಇದು ಹೊಸದು. ನಾಲ್ಕೈದು ಸಲ ಇದೇ ಧ್ವನಿಯಲ್ಲಿ ಕೇಳಿದ ಮೇಲೆ ಹೆಚ್ಚಿನವರು ಕೆಲಸ ಕೊಡೋ ಮುಂಚೆ ತಾವೇ ಯೋಚನೆ ಮಾಡೋಕೆ ಶುರು ಮಾಡ್ತಾರೆ, ಇದನ್ನ ನಾನು ಎಷ್ಟೋ ಜನರ ವಿಷಯದಲ್ಲಿ ನೋಡಿದ್ದೀನಿ. ಬಿಟ್ಟು ಹೋದ ಇಬ್ಬರ ಜಾಗ ತುಂಬೋ ವಿಷಯಾನೂ ಅದೇ ಗಂಟೆಗಳ ಲೆಕ್ಕ ಇಟ್ಕೊಂಡೇ ಕೇಳಿ. ಲೆಕ್ಕ ಮುಂದೆ ಇದ್ರೆ ಮೇಲಿನವರ ಹತ್ರ ಕೇಳೋಕೆ ನಿಮ್ಮ ಮ್ಯಾನೇಜರಿಗೂ ಆಧಾರ ಸಿಗತ್ತೆ.

ಗಂಟೆಗಳ ಲೆಕ್ಕ ಯಾಕೆ ಅಷ್ಟು ಮುಖ್ಯ ಅಂದ್ರೆ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ 2021ರಲ್ಲಿ ಒಂದು ವರದಿ ಕೊಟ್ವು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಕೆಲಸ ಮಾಡೋರಿಗೆ 35ರಿಂದ 40 ಗಂಟೆ ಮಾಡೋರಿಗಿಂತ ಪಾರ್ಶ್ವವಾಯು ಬರೋ ಅಪಾಯ ಸುಮಾರು 35 ಪರ್ಸೆಂಟ್ ಹೆಚ್ಚು, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯೋ ಅಪಾಯ ಸುಮಾರು 17 ಪರ್ಸೆಂಟ್ ಹೆಚ್ಚು. ಹೆದರಿಸೋಕೆ ಹೇಳ್ತಿಲ್ಲ. ನಿಮ್ಮ ಪುಸ್ತಕದಲ್ಲಿ ವಾರದ ಮೊತ್ತ ಹಾಕಿ ನೋಡಿ, ಮನೇಲಿ ರಾತ್ರಿ ಲ್ಯಾಪ್‌ಟಾಪ್ ತೆರೆದ ಹೊತ್ತೂ ಸೇರಿಸಿ, ಅದನ್ನ ಎಲ್ಲರೂ ಬಿಟ್ಟೇ ಲೆಕ್ಕ ಹಾಕ್ತಾರೆ.

ಇನ್ನು ದಿನ ಮುಚ್ಚೋದು. ನೀವು ತಿಂಗಳ ಕ್ಲೋಸಿಂಗ್ ಮಾಡ್ತೀರಲ್ಲ, ಬಾಕಿ ಇರೋದನ್ನ ಬಾಕಿ ಅಂತಲೇ ತೋರಿಸಿ ಮುಂದಿನ ತಿಂಗಳಿಗೆ ಒಯ್ತೀರಿ, ಬಾಕಿ ಇದೆ ಅಂತ ಆ ತಿಂಗಳನ್ನೇ ತೆರೆದಿಡಲ್ಲ. ದಿನಕ್ಕೂ ಅದನ್ನೇ ಮಾಡಿ. ಹೊರಡೋಕೆ ಹತ್ತು ನಿಮಿಷ ಮುಂಚೆ ಸ್ಕ್ರೀನ್ ಆಫ್ ಮಾಡಿ ಅದೇ ನೋಟ್‌ಬುಕ್ಕಲ್ಲಿ ಏನೇನು ಉಳೀತು ಬರೀರಿ. ಬರಿಯೋದರಲ್ಲಿ ಒಂದು ವಿಷಯ ಇದೆ. ವೆಂಡರ್ ಪೇಮೆಂಟ್ ಬಾಕಿ ಅಂತ ಬರೆದ್ರೆ ಸಾಲದು, ಅದು ತಲೇಲಿ ಹಾಗೇ ಕೊರೀತಾ ಇರತ್ತೆ. ನಾಳೆ ಹತ್ತು ಗಂಟೆಗೆ ಕೂತ ತಕ್ಷಣ ಆ ಮೂರು ಬಿಲ್ ನಂಬರ್ ತಾಳೆ ನೋಡೋದು, ಹೊಂದದೇ ಇರೋದಕ್ಕೆ ಖರೀದಿ ವಿಭಾಗಕ್ಕೆ ಫೋನ್ ಮಾಡೋದು, ಅಂತ ಬರೀಬೇಕು. ಮುಗಿಯದ ಕೆಲಸ ಮನಸ್ಸಲ್ಲಿ ಎಳೀತಾ ಇರತ್ತೆ ಅನ್ನೋದು ಮನಶ್ಶಾಸ್ತ್ರದಲ್ಲಿ 1920ರ ದಶಕದಿಂದ ನಡೀತಿರೋ ಚರ್ಚೆ. ಅದನ್ನ ಮುಗಿಸಲೇಬೇಕು ಅಂತಿಲ್ಲ, ಯಾವಾಗ ಎಲ್ಲಿ ಹೇಗೆ ಅಂತ ಖಚಿತವಾದ ಒಂದು ಯೋಜನೆ ಹಾಕಿದ್ರೂ ಆ ಎಳೆತ ಕಡಿಮೆ ಆಗತ್ತೆ ಅಂತ 2011ರಲ್ಲಿ ಬಂದ ಪ್ರಯೋಗಗಳು ತೋರಿಸಿದ್ವು. 2018ರಲ್ಲಿ ಇನ್ನೊಂದು ಪ್ರಯೋಗದಲ್ಲಿ 57 ಯುವಜನರನ್ನ ನಿದ್ದೆಯ ಲ್ಯಾಬಲ್ಲಿ ಮಲಗಿಸಿ ನೋಡಿದ್ರು, ಮಲಗೋ ಮುಂಚೆ ಐದು ನಿಮಿಷ ಮುಂದೆ ಮಾಡಬೇಕಾದ ಕೆಲಸ ಬರೆದವರು, ಮಾಡಿ ಮುಗಿಸಿದ್ದನ್ನ ಬರೆದವರಿಗಿಂತ ಬೇಗ ನಿದ್ದೆ ಹೋದ್ರು, ಬರೆದದ್ದು ಎಷ್ಟು ವಿವರವಾಗಿತ್ತೋ ಅಷ್ಟು ಬೇಗ. ಮೂರು ಗಂಟೆಗೆ ಎಚ್ಚರ ಆದ್ರೆ ಮಂಚದ ಪಕ್ಕ ಒಂದು ಚೀಟಿ ಇಟ್ಕೊಳಿ, ತಲೆಗೆ ಬಂದಿದ್ದನ್ನ ಒಂದು ಸಾಲು ಗೀಚಿ ಮತ್ತೆ ಮಲಗಿ, ಗಡಿಯಾರ ನೋಡಬೇಡಿ, ಇನ್ನೆಷ್ಟು ಗಂಟೆ ನಿದ್ದೆ ಉಳೀತು ಅಂತ ಲೆಕ್ಕ ಹಾಕೋದು ನಿದ್ದೆಗೇ ಶತ್ರು. ಕಾಫಿ ಟೀ ಮಧ್ಯಾಹ್ನದ ಮೇಲೆ ನಿಲ್ಸಿ, ಕೆಫೀನ್ ರಕ್ತದಿಂದ ಅರ್ಧ ಇಳಿಯೋಕೇ ಸುಮಾರು ಐದು ಗಂಟೆ ಬೇಕು.

ಗೇಟ್ ಹತ್ರ ಹೆಲ್ಮೆಟ್ ಹಾಕ್ಕೊಂಡು ನಿಂತಿದ್ದ ಆ ಹೊತ್ತಿಗೆ ಬರ್ತೀನಿ. ಅದನ್ನ ಓದಿ ನನಗೂ ಮನಸ್ಸು ಭಾರ ಆಯ್ತು. ನೀವು ಮನೆ ಮುಟ್ಟಿದ್ರಿ, ಮನೆ ಒಳಗೆ ಬಂದಿರಲಿಲ್ಲ. ಜೋರು ಕೆಲಸದ ದಿನ ಆದ್ಮೇಲೆ ದೇಹ ಮನಸ್ಸು ಸರಿಹೋಗಬೇಕಾದ್ರೆ ಏನೇನು ಬೇಕು ಅಂತ ಜಬೀನಾ ಸೊನ್ನೆಂಟಾಗ್ ಅನ್ನೋ ಜರ್ಮನ್ ಮನಶ್ಶಾಸ್ತ್ರಜ್ಞೆ ತುಂಬಾ ವರ್ಷದಿಂದ ಅಧ್ಯಯನ ಮಾಡ್ತಿದ್ದಾರೆ, ಅವರ ಕೆಲಸದಲ್ಲಿ ಮತ್ತೆ ಮತ್ತೆ ಕಾಣೋದು ಮನಸ್ಸು ಕೆಲಸದಿಂದ ಕಳಚಿಕೊಳ್ಳಬೇಕು ಅನ್ನೋದು. ಮೈ ಸೋಫಾ ಮೇಲಿದ್ದು ಮನಸ್ಸು ಗ್ರೂಪಲ್ಲಿದ್ರೆ ಅದು ವಿಶ್ರಾಂತಿ ಲೆಕ್ಕಕ್ಕೆ ಬರಲ್ಲ. ಹಾಗಾಗಿ ಫೋನ್ ಕೊನೇ ಸಲ ನೋಡೋದು ಆಫೀಸಿನ ಪಾರ್ಕಿಂಗಲ್ಲಿ, ಗಾಡಿ ಸ್ಟಾರ್ಟ್ ಮಾಡೋ ಮುಂಚೆ. ಆಮೇಲೆ ಅದು ಬ್ಯಾಗಿನ ತಳಕ್ಕೆ ಹೋಗ್ಲಿ, ಮನೇಲಿ ಒಂದು ಗಂಟೆ ಆಗೋ ತನಕ ಹೊರಗೆ ಬರೋದು ಬೇಡ. ಗ್ರೂಪಿನ ನೋಟಿಫಿಕೇಶನ್ ಪೂರ್ತಿ ಆಫ್ ಮಾಡಿ. ನಿಜವಾದ ಅರ್ಜೆಂಟ್ ಬಂದ್ರೆ ಅಂತ ಭಯ ಇರತ್ತೆ, ಅದಕ್ಕೆ ಟೀಮಿಗೆ ಮೊದಲೇ ಹೇಳಿ, ಏಳು ಗಂಟೆ ಮೇಲೆ ಮೆಸೇಜ್ ನೋಡಲ್ಲ, ಅರ್ಜೆಂಟ್ ಇದ್ರೆ ಕಾಲ್ ಮಾಡಿ ಅಂತ. ಮೆಸೇಜ್ ಹಾಕೋಕೆ ಯಾರೂ ಯೋಚಿಸಲ್ಲ, ಕಾಲ್ ಮಾಡೋ ಮುಂಚೆ ಎಲ್ಲರೂ ಒಂದು ಕ್ಷಣ ಯೋಚಿಸ್ತಾರೆ, ಆ ಒಂದು ಕ್ಷಣದಲ್ಲೇ ಹೆಚ್ಚಿನ ಅರ್ಜೆಂಟ್‌ಗಳು ನಾಳೆಗೆ ಹೋಗತ್ವೆ. ಕೆಲಸದ ಹೊತ್ತಿನ ಆಚೆ ಫೋನಿಂದ ದೂರ ಇರೋ ಹಕ್ಕನ್ನ ಫ್ರಾನ್ಸ್ 2017ರಿಂದಲೇ ಕಾನೂನಲ್ಲಿ ತಂದಿದೆ, ಆಸ್ಟ್ರೇಲಿಯಾ 2024ರಲ್ಲಿ ತಂತು, ಅಂದ್ರೆ ನೀವು ಕೇಳ್ತಿರೋದು ಯಾರೂ ಕೇಳದೇ ಇರೋದೇನಲ್ಲ.

ಮಗಳ ಹತ್ರ ಅವತ್ತಿನ ವಿಷಯ ಮಾತಾಡಿ. ಅಮ್ಮ ಅವತ್ತು ಗೇಟಲ್ಲೇ ನಿಂತುಬಿಟ್ಟೆ, ನೀನು ನೋಡಿದ್ದು ಗೊತ್ತಾಯ್ತು, ಬೇಜಾರಾಯ್ತಾ ಅಂತ ಕೇಳಿ. ಮಕ್ಕಳು ಅಮ್ಮನಿಗೆ ಕೆಲಸ ಜಾಸ್ತಿ ಅಂತ ತಿಳ್ಕೊಂಡ್ರೆ ಪರವಾಗಿಲ್ಲ, ಅಮ್ಮನಿಗೆ ನಾನು ಬೇಡ ಅಂತ ತಿಳ್ಕೋಬಾರದು.

ನಿಮ್ಮನೆಯವರು ಬಿಟ್ಟುಬಿಡು ಅನ್ನೋದು ಪ್ರೀತಿಯಿಂದಲೇ ಇರತ್ತೆ, ನೀವು ನರಳೋದು ನೋಡೋಕಾಗದೆ ಹೇಳ್ತಾರೆ. ಆದ್ರೆ ಅವರ ಹತ್ರ ಬೇರೆ ಒಂದು ಕೇಳಿ. ಸಂಜೆ ಮನೆಯ ಯಾವುದಾದ್ರೂ ಒಂದು ಜವಾಬ್ದಾರಿ ಪೂರ್ತಿ ಅವರದೇ ಆಗ್ಲಿ, ನೀವು ನೆನಪಿಸೋದೂ ಬೇಡ, ಆಯ್ತಾ ಅಂತ ಕೇಳೋದೂ ಬೇಡ. ಸಹಾಯ ಮಾಡ್ತೀನಿ ಹೇಳು ಅಂದ್ರೆ ನೆನಪಿಡೋ ಭಾರ ಮತ್ತೆ ನಿಮ್ಮ ತಲೇಲೇ ಉಳಿಯತ್ತೆ, ಆಫೀಸಲ್ಲೂ ಮ್ಯಾನೇಜ್ ಮಾಡಿ ಮನೇಲೂ ಮ್ಯಾನೇಜ್ ಮಾಡೋ ಹಾಗಾಗತ್ತೆ. ಒಂದು ವಾರ ರಜೆ ಹಾಕೋದೂ ಒಳ್ಳೇದೇ, ಹಾಕಿ, ಆದ್ರೆ ವಾಪಸ್ ಬಂದ್ಮೇಲೆ ಅದೇ ಐದೂವರೆ ಕಾದಿದ್ರೆ ರಜೆಯ ಲಾಭ ಕೆಲವೇ ವಾರದಲ್ಲಿ ಕರಗಿ ಹೋಗತ್ತೆ.

ಒಂದು ಮಾತು ಮರೀದೆ ಮಾಡಿ. ಡಾಕ್ಟರ್ ಹತ್ರ ಹೋಗಿ ರಕ್ತ ಪರೀಕ್ಷೆ ಮಾಡಿಸಿ, ಹಿಮೋಗ್ಲೋಬಿನ್, ಥೈರಾಯ್ಡ್, ವಿಟಮಿನ್ ಬಿ12, ಜೊತೆಗೆ ಬಿಪಿ, ಸಕ್ಕರೆ. ಒತ್ತಡ ಅಂತ ಅಂದ್ಕೊಂಡಿದ್ದ ಸುಸ್ತಿನ ಹಿಂದೆ ಥೈರಾಯ್ಡೋ ರಕ್ತಹೀನತೆಯೋ ಇರೋದು ಅಪರೂಪ ಅಲ್ಲ, ನಿಮ್ಮ ವಯಸ್ಸಿನ ಹೆಂಗಸರಲ್ಲಂತೂ. ಎರಡು ವಾರಕ್ಕಿಂತ ಹೆಚ್ಚು ದಿನ ದಿನವಿಡೀ ಮಂಕು, ಮೊದಲು ಖುಷಿ ಕೊಡ್ತಿದ್ದಿದ್ದು ಯಾವುದೂ ಬೇಡ ಅನ್ಸೋದು, ಊಟ ಸೇರದೇ ಇರೋದು ಇದ್ರೆ ಅದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ, ಮನೋವೈದ್ಯರನ್ನ ನೋಡಿ. ಬದುಕೇ ಬೇಡ ಅನ್ನೋ ಯೋಚನೆ ಒಂದು ಸಲ ಬಂದ್ರೂ ಅದೇ ದಿನ ಮನೇಲಿ ಹೇಳಿ, ಅದೇ ದಿನ ಡಾಕ್ಟರ್ ಹತ್ರ ಹೋಗಿ. ಎದೆ ನೋವು, ಎಡಗೈ ಅಥವಾ ದವಡೆಗೆ ಹರಡೋ ನೋವು ಬಂದ್ರೆ ಸ್ಟ್ರೆಸ್ ಇರಬೇಕು ಅಂತ ಕೂರಬೇಡಿ, ನೇರ ಆಸ್ಪತ್ರೆಗೆ.

ಕೆಲಸ ಬಿಡಬೇಕಾ ಅನ್ನೋದಕ್ಕೆ ನನ್ನ ಅಭಿಪ್ರಾಯ, ಈಗ ಬೇಡ. ನಿದ್ದೆಗೆಟ್ಟ ತಲೇಲಿ ಹನ್ನೊಂದು ವರ್ಷದ ಕೆಲಸದ ಬಗ್ಗೆ ತೀರ್ಮಾನ ಮಾಡಬೇಡಿ. ಇವತ್ತಿಂದ ಮೂರು ತಿಂಗಳ ಮುಂದಿನ ಒಂದು ತಾರೀಖನ್ನ ಆ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರೆದಿಡಿ. ಅಷ್ಟರೊಳಗೆ ಲೆಕ್ಕ ಇಟ್ಕೊಂಡು ಕನಿಷ್ಠ ನಾಲ್ಕೈದು ಸಲ ಮಾತಾಡಿರಬೇಕು, ದಿನಾ ಸಂಜೆ ಕ್ಲೋಸಿಂಗ್ ಮಾಡಿರಬೇಕು. ಆ ತಾರೀಖು ಬಂದಾಗ ಹಿಡಿತ ಸ್ವಲ್ಪನಾದ್ರೂ ನಿಮ್ಮ ಕಡೆ ಬಂದಿದ್ರೆ ಮುಂದುವರೀರಿ. ಇಷ್ಟೆಲ್ಲ ಮಾಡಿದ ಮೇಲೂ ಒಂದು ಗೆರೆಯೂ ಕದಲಿಲ್ಲ ಅಂದ್ರೆ ಆ ಜಾಗ ನಿಮಗೆ ಉತ್ತರ ಕೊಟ್ಟಿದೆ ಅಂತ ತಿಳ್ಕೊಂಡು, ಈ ಕೆಲಸದಲ್ಲಿದ್ದುಕೊಂಡೇ ಬೇರೆ ಹುಡುಕೋಕೆ ಶುರು ಮಾಡಿ. ಹನ್ನೊಂದು ವರ್ಷದ ಅನುಭವ ಇರೋ ಅಕೌಂಟೆಂಟ್ ಯಾರಿಗೆ ಬೇಡ ಹೇಳಿ. ಹಾಗೆ ಹೋದ್ರೆ ಅದು ಓಡಿ ಹೋಗಿದ್ದು ಆಗಲ್ಲ, ಹೊಸ ಜಾಗದ ಇಂಟರ್‌ವ್ಯೂನಲ್ಲಿ ಕೊನೇ ಹೊತ್ತಿನ ಕೆಲಸ ಎಷ್ಟು ಸಲ ಬರತ್ತೆ, ಟೀಮಲ್ಲಿ ಎಷ್ಟು ಜನ ಅಂತ ಕೇಳೋಕೆ ನಿಮಗೆ ಗೊತ್ತಿರತ್ತೆ.

ಈ ತಿಂಗಳ ಕ್ಲೋಸಿಂಗ್ ಆದ ಮಾರನೇ ದಿನದಿಂದ ನೋಟ್‌ಬುಕ್ ಶುರು ಮಾಡಿ. ಎರಡು ವಾರ ಆದ್ಮೇಲೆ ಆ ಕೊನೇ ಕಾಲಂ ಏನು ಹೇಳ್ತು, ಮ್ಯಾನೇಜರ್ ಏನಂದ್ರು, ನನಗೆ ಬರೀರಿ. ಅದನ್ನ ನೋಡಿಕೊಂಡು ಮುಂದಿನದು ಹೇಳ್ತೀನಿ.